ಜಾಝ್ ಗಾಯಕಿ ಶೀಲಾ ಜೋರ್ಡನ್

ಶೀಲಾ ಎಂಬ ಹೆಸರನ್ನು ಮೊದಲ ಸಲ ಕೇಳಿದಾಗ ಈಕೆ ನಮ್ಮ ಕಡೆಯವಳೇ ಇರಬೇಕೆಂದು ನಾನು ಎಣಿಸಿದ್ದೆ. ನಮ್ಮ ತರಗತಿಯಲ್ಲಿಯೇ ಇಬ್ಬರು ಶೀಲಾ ಇರುವಾಗ ಹಾಗೆಣಿಸಿದ್ದು ನನ್ನ ತಪ್ಪಲ್ಲವಷ್ಟೆ. ನಮ್ಮ ಆಂಗ್ಲ ಅಧ್ಯಾಪಕರೊಬ್ಬರು ಒಂದು ದಿನ ಪಾಠ ಮುಗಿದ ಮೇಲೆ ಉಳಿದ ಐದು ನಿಮಿಷದಲ್ಲಿ ತಮ್ಮ ಮೊಬೈಲ್ ಫೋನನ್ನು ಮೇಜಿನ ಮೇಲಿಟ್ಟು ಒಂದು ಹಾಡನ್ನು ಕೇಳಿಸಿದರು. ಒಂದು ಹೆಣ್ಣು ಕಂಠ, ಅದರ ಕೆಳಗೆ ಗುಂಯ್‌ಗುಟ್ಟುವ ಒಂದು ತಂತಿವಾದ್ಯ. ಇವೆರಡನ್ನು ಬಿಟ್ಟರೆ ಬೇರೇನೂ ಇಲ್ಲ. ತಬಲೆಯಿಲ್ಲ, ಪಿಯಾನೊ ಇಲ್ಲ. ಕಂಠ ಒಮ್ಮೆ ಮಾತಿನಂತೆ, ಒಮ್ಮೆ ನಗೆಯಂತೆ, ಒಮ್ಮೆ ಕೆಳಗೆ ಜಾರಿಬಿದ್ದಂತೆ ಕೇಳುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಾನೂ ನಕ್ಕೆ. ಅಧ್ಯಾಪಕರು ಬೇಸರಿಸಿಕೊಳ್ಳಲಿಲ್ಲ. ‘ಇವಳು ಐವತ್ತೆಂಟು ವರ್ಷದವರೆಗೆ ಒಂದು ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದವಳು’ ಎಂದಷ್ಟೇ ಹೇಳಿ ಹೊರಟುಹೋದರು.

ಆ ಮಾತು ನನ್ನನ್ನು ಬಿಡಲಿಲ್ಲ. ಬಿಡದಿರುವುದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ನಾನು ಸಂಗೀತ ಬಲ್ಲವಳಲ್ಲ. ಶಾಸ್ತ್ರವಾಗಿ ಕಲಿತವಳಂತೂ ಅಲ್ಲವೇ ಅಲ್ಲ. ಆದುದರಿಂದ ಈ ಲೇಖನವನ್ನು ಸಂಗೀತಜ್ಞರು ಪಾಂಡಿತ್ಯದ ತಕ್ಕಡಿಯಲ್ಲಿ ತೂಗಬಾರದೆಂದು ಕೋರುತ್ತೇನೆ. ಈ ಗಾಯಕಿಯ ಬಗೆಗೆ ಕೆಲವು ತಿಂಗಳುಗಳಿಂದ ಓದಿದ್ದನ್ನೂ ಕೇಳಿದ್ದನ್ನೂ ಸಹಪಾಠಿಗಳೊಡನೆ ಹಂಚಿಕೊಳ್ಳುವುದಷ್ಟೇ ಇಲ್ಲಿಯ ಉದ್ದೇಶ.

ಮೊದಲು ಜಾಝ್ ಎಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆಫ್ರಿಕ ಮೂಲದ ಜನರ ಮಕ್ಕಳು ಮೊಮ್ಮಕ್ಕಳ ನಡುವೆ ರೂಪುಗೊಂಡ ಸಂಗೀತವಿದು. ಇದರಲ್ಲಿ ಸಾಮಾನ್ಯವಾಗಿ 12 ಅಥವಾ 32 ಆವರ್ತಗಳ ಒಂದು ಚೌಕಟ್ಟು ಇರುತ್ತದೆ. ಏಕಕಾಲದಲ್ಲಿ ನುಡಿಯುವ ಸ್ವರಗಳ ಗುಚ್ಛಕ್ಕೆ ಅವರು ‘ಕಾರ್ಡ್’ ಎನ್ನುತ್ತಾರೆ. ಇಂಥ ಗುಚ್ಛಗಳು ಒಂದು ಗೊತ್ತಾದ ಸರಣಿಯಲ್ಲಿ ಆ ಚೌಕಟ್ಟಿನೊಳಗೆ ಒಂದಾದ ಮೇಲೊಂದು ಬರುತ್ತವೆ. ಮೊದಲು ಹಾಡಿನ ಮೂಲ ಧಾಟಿಯನ್ನು ನುಡಿಸುತ್ತಾರೆ. ಅನಂತರ ಅದೇ ಚೌಕಟ್ಟನ್ನು ಮತ್ತೆ ಮತ್ತೆ ಸುತ್ತುತ್ತ, ಪ್ರತಿ ಸುತ್ತಿನಲ್ಲಿಯೂ ಆ ಕ್ಷಣಕ್ಕೆ ಹೊಳೆದ ಹೊಸ ಧಾಟಿಯನ್ನು ಕಟ್ಟುತ್ತಾರೆ. ನಮ್ಮ ಸಂಗೀತದಲ್ಲಿ ಮನೋಧರ್ಮಕ್ಕೆ ರಾಗ ಎಲ್ಲೆ ಹಾಕಿದಂತೆ ಅಲ್ಲಿ ಈ ಗುಚ್ಛಗಳ ಸರಣಿ ಎಲ್ಲೆ ಹಾಕುತ್ತದೆ. ಇವೆರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಪರಸ್ಪರ ಮಾತನಾಡಬಲ್ಲವು ಎಂಬುದಕ್ಕೆ ನಿದರ್ಶನ ನಮ್ಮಲ್ಲಿಯೇ ಇದೆ. ಬೆಂಗಳೂರಿನ ಶ್ರೀಮತಿ ಆರ್. ಎ. ರಮಾಮಣಿಯವರೂ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದವರೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನೇ ಮಾಡಿದ್ದಾರೆ.

ಶೀಲಾ ಹುಟ್ಟಿದ್ದು 1928ರ ನವೆಂಬರ್ 18ರಂದು, ಮೋಟಾರು ಕಾರ್ಖಾನೆಗಳ ನಗರವಾದ ಡೆಟ್ರಾಯಿಟ್‌ನಲ್ಲಿ. ತಾಯಿಗೆ ಆಗ ಇನ್ನೂ ಹದಿಹರೆಯ. ಮಗುವನ್ನು ಸಾಕಲಾರದೆ ಪೆನ್ಸಿಲ್ವೇನಿಯದ ಸಮರ್‌ಹಿಲ್ ಎಂಬ ಸಣ್ಣ ಊರಿಗೆ, ಅಜ್ಜ ಅಜ್ಜಿಯರ ಮನೆಗೆ ಕಳುಹಿಸಿಕೊಟ್ಟಳು. ಕಲ್ಲಿದ್ದಲು ಗಣಿಗಳ ಸೀಮೆ ಅದು. ಮನೆಯೊಳಗೆ ನಲ್ಲಿಯಿಲ್ಲ, ಬಚ್ಚಲಿಲ್ಲ. ದುಡಿದ ಹಣದಲ್ಲಿ ಒಂದು ಪಾಲು ಹೆಂಡಕ್ಕೆ. ಅಮೆರಿಕ ಎಂದೊಡನೆ ಗಗನಚುಂಬಿ ಕಟ್ಟಡಗಳನ್ನೇ ನೆನೆಯುವ ನಮಗೆ ಇದು ಆಶ್ಚರ್ಯವೆನಿಸೀತು. ಹುಡುಗಿ ಹೆದರಿಕೆಯಾದಾಗಲೆಲ್ಲ ಹಾಡುತ್ತಿದ್ದಳಂತೆ. ಕತ್ತಲಲ್ಲಿ ಒಬ್ಬಳೇ ನಡೆಯಬೇಕಾಗಿ ಬಂದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

1940ರ ದಶಕದ ಆರಂಭದಲ್ಲಿ, ಸುಮಾರು ಹದಿನಾಲ್ಕನೆಯ ವಯಸ್ಸಿಗೆ, ಆಕೆ ಡೆಟ್ರಾಯಿಟ್‌ಗೆ ತಾಯಿಯ ಬಳಿಗೆ ಮರಳಿದಳು. ಅವಳ ಶಾಲೆಯ ಹತ್ತಿರದ ತಿಂಡಿಯಂಗಡಿಯೊಂದರಲ್ಲಿ ಜೂಕ್‌ಬಾಕ್ಸ್ ಎಂಬ ಯಂತ್ರವಿತ್ತು. ನಾಣ್ಯ ಹಾಕಿ ಗುಂಡಿಯೊತ್ತಿದರೆ ಬೇಕಾದ ಹಾಡಿನ ತಟ್ಟೆ ತಿರುಗುತ್ತಿತ್ತು. ಒಂದು ದಿನ ಆಕೆ ಅದರಲ್ಲಿ ಚಾರ್ಲಿ ಪಾರ್ಕರ್ ಎಂಬ ಸ್ಯಾಕ್ಸೊಫೋನ್ ವಾದಕನ ‘ನೌಸ್ ದ ಟೈಮ್’ ಎಂಬ ಕೃತಿಯನ್ನು ಹಾಕಿದಳು. 1945ರ ನವೆಂಬರಿನಲ್ಲಿ ಮುದ್ರಿತವಾದ ತಟ್ಟೆಯದು. ಮೊದಲ ನಾಲ್ಕು ಸ್ವರಗಳನ್ನು ಕೇಳುತ್ತಿದ್ದಂತೆಯೇ ತನ್ನ ಬಾಳು ಯಾವ ಕಡೆಗೆಂಬುದು ನಿಶ್ಚಯವಾಗಿಹೋಯಿತೆಂದು ಆಕೆ ಮುಂದೆ ಎಪ್ಪತ್ತೈದು ವರ್ಷಗಳ ಕಾಲ ಹೇಳುತ್ತಲೇ ಬಂದಳು. ಪಾರ್ಕರನನ್ನು ಸಂಗೀತಗಾರರು ‘ಬರ್ಡ್’, ಅಂದರೆ ಹಕ್ಕಿ, ಎಂದು ಕರೆಯುತ್ತಿದ್ದರು. ಆತ ಮತ್ತು ಆತನ ಜೊತೆಗಾರರು ಕಟ್ಟಿದ ಹೊಸ ಶೈಲಿಗೆ ‘ಬಿಬಾಪ್’ ಎಂದು ಹೆಸರು. ಅತಿ ವೇಗದ, ತಿರುವುಗಳು ತುಂಬಿದ, ಕುಣಿಯುವುದಕ್ಕಿಂತ ಕುಳಿತು ಕೇಳಬೇಕಾದ ಸಂಗೀತ ಅದು.

ಹಕ್ಕಿ ಡೆಟ್ರಾಯಿಟ್‌ಗೆ ಬಂದಾಗ ನಡೆದ ಪ್ರಸಂಗವೊಂದನ್ನು ಆಕೆ ಬಹು ಸಲ ಹೇಳಿದ್ದಾಳೆ. ಕ್ಲಬ್ಬಿನೊಳಗೆ ಅಪ್ರಾಪ್ತ ವಯಸ್ಕರಿಗೆ ಪ್ರವೇಶವಿಲ್ಲ. ತಾಯಿಯ ಜನನಪತ್ರವನ್ನು ತನ್ನದೆಂದು ತೋರಿಸಿ, ದೊಡ್ಡವಳಂತೆ ಟೋಪಿ ತೊಟ್ಟುಕೊಂಡು ಹೋದಳು. ಬಾಗಿಲು ಕಾಯುವವನು ನೋಡಿ, ಮನೆಗೆ ಹೋಗಿ ಶಾಲೆಯ ಪಾಠ ಓದಿಕೋ ಎಂದು ಹಿಂದಕ್ಕೆ ಕಳುಹಿಸಿದ. ಹುಡುಗಿ ಮನೆಗೆ ಹೋಗಲಿಲ್ಲ. ಹಿತ್ತಲ ಓಣಿಯಲ್ಲಿ ಕಸದ ಡಬ್ಬಗಳ ಪಕ್ಕ ಕುಳಿತು ಕೇಳಿದಳು. ಅದನ್ನರಿತ ಪಾರ್ಕರ್ ಹಿಂಬಾಗಿಲನ್ನು ತೆರೆಸಿ ನುಡಿಸಿದನಂತೆ. ಆಗ ಆಕೆ ಇಬ್ಬರು ಕಪ್ಪು ಯುವಕರೊಡನೆ ‘ಸ್ಕೀಟರ್, ಮಿಚ್ ಅಂಡ್ ಜೀನ್’ ಎಂಬ ಮೂವರ ಗುಂಪಿನಲ್ಲಿದ್ದಳು. ಪಾರ್ಕರನ ವಾದನಕ್ಕೆ ಮಾತುಗಳನ್ನು ಹೊಂದಿಸಿ, ಸ್ಯಾಕ್ಸೊಫೋನ್ ನುಡಿದುದನ್ನು ಗಂಟಲಿನಲ್ಲಿ ನುಡಿಯುವುದು ಅವರ ಕೆಲಸ. ಅವಳ ಹಾಡನ್ನು ಕೇಳಿದ ಪಾರ್ಕರ್ ನಿನ್ನ ಕಿವಿಗಳಿಗೆ ಹತ್ತು ಲಕ್ಷ ಡಾಲರ್ ಬೆಲೆ ಎಂದನಂತೆ. ಕಂಠವನ್ನು ಹೊಗಳದೆ ಕಿವಿಯನ್ನು ಹೊಗಳಿದ್ದನ್ನು ವಾಚಕರು ಗಮನಿಸಬೇಕು. ಮುಂದೆ ಆಕೆ ಅಧ್ಯಾಪಕಿಯಾದಾಗ ಈ ಮಾತು ಮತ್ತೆ ಬರುತ್ತದೆ.

ಆಕೆ ಬಿಳಿಯ ಹುಡುಗಿ, ಜೊತೆಗಾರರು ಕಪ್ಪು ಜನ. ಇಂದು ಒಂದು ವಾಕ್ಯದಲ್ಲಿ ಬರೆದುಬಿಡಬಹುದಾದ ಸಂಗತಿ ಅಂದು ಅಷ್ಟು ಸರಳವಾಗಿರಲಿಲ್ಲ. 1943ರಲ್ಲಿ ಇದೇ ಡೆಟ್ರಾಯಿಟ್‌ನಲ್ಲಿ ನಡೆದ ಜನಾಂಗೀಯ ಗಲಭೆಯಲ್ಲಿ 34 ಜನ ಸತ್ತಿದ್ದರು. ಅವರಲ್ಲಿ 25 ಮಂದಿ ಕಪ್ಪು ಜನರು. ಗೆಳೆಯರೊಡನೆ ಹೋಗುತ್ತಿದ್ದರೆ ಪೋಲೀಸರು ತಡೆದು ಪ್ರಶ್ನಿಸುತ್ತಿದ್ದರು. ಕಪ್ಪು ಗೆಳತಿಯರ ಸಹವಾಸ ಬಿಡಬೇಕೆಂದು ಶಾಲೆಯಲ್ಲಿಯೂ ಹೇಳಿಸಿಕೊಂಡಳು. ಆಕೆ ಬಿಡಲಿಲ್ಲ. ಯಾರೊಡನೆ ಕುಳಿತು ಉಣ್ಣಬೇಕು, ಯಾರೊಡನೆ ಕೂಡದು ಎಂಬ ಕಟ್ಟುಪಾಡಿನ ರುಚಿ ನಮ್ಮ ಊರುಗಳವರಿಗೂ ತಿಳಿಯದ್ದೇನಲ್ಲ. ಸಂಗೀತವನ್ನು ಬಯಸುವುದು, ಆದರೆ ಅದನ್ನು ಹುಟ್ಟಿಸಿದವರನ್ನು ಹೊಸಿಲಾಚೆ ನಿಲ್ಲಿಸುವುದು ಬಹು ಜನರಿಗೆ ಸಾಧ್ಯವಾಗುತ್ತದೆ. ಅದು ಈ ಹುಡುಗಿಗೆ ಸಾಧ್ಯವಾಗಲಿಲ್ಲ.

1950ರ ದಶಕದ ಆರಂಭದಲ್ಲಿ ಆಕೆ ನ್ಯೂಯಾರ್ಕಿಗೆ ಬಂದಳು. ಪಾರ್ಕರನ ತಂಡದಲ್ಲಿ ಪಿಯಾನೊ ನುಡಿಸುತ್ತಿದ್ದ ಡ್ಯೂಕ್ ಜೋರ್ಡನ್ ಎಂಬವನನ್ನು ಮದುವೆಯಾದಳು. ಆ ಮದುವೆಯಿಂದ ಉಳಿದದ್ದು ಜೋರ್ಡನ್ ಎಂಬ ಹೆಸರು ಮತ್ತು 1955ರಲ್ಲಿ ಹುಟ್ಟಿದ ಒಬ್ಬ ಮಗಳು. ಮಗಳನ್ನು ಆಕೆ ಒಬ್ಬಳೇ ಸಾಕಿದಳು. ಈ ಭಾಗವನ್ನು ನಾನು ಬೇಗ ದಾಟುತ್ತೇನೆ. ಹೇಳಬೇಕಾದದ್ದು ಆಕೆ ಪಾಠಕ್ಕೆ ಹೋದ ಲೆನ್ನಿ ಟ್ರಿಸ್ಟಾನೊ ಎಂಬ ಗುರುವಿನ ಸಂಗತಿ. ಟ್ರಿಸ್ಟಾನೊ ಕುರುಡ, ಪಿಯಾನೊ ವಾದಕ. ಶಿಷ್ಯರು ಯಾವ ವಾದ್ಯದವರೇ ಆಗಿರಲಿ, ಪಾರ್ಕರ್ ಅಥವಾ ಲೆಸ್ಟರ್ ಯಂಗ್ ನುಡಿಸಿದ ಧ್ವನಿಮುದ್ರಿಕೆಯೊಂದನ್ನು ಕೊಟ್ಟು, ಅದರಲ್ಲಿರುವ ಕಲ್ಪನಾವಾದನವನ್ನು ಒಂದು ಸ್ವರವೂ ತಪ್ಪದಂತೆ ಬಾಯಿಯಲ್ಲಿ ಹಾಡಬೇಕೆಂದು ವಿಧಿಸುತ್ತಿದ್ದ. ಬರೆದುಕೊಳ್ಳುವಂತಿಲ್ಲ, ಕೇಳಿಯೇ ಕಲಿಯಬೇಕು. ನಮ್ಮ ಗುರುಗಳು ಪಾಠ ಹೇಳುವ ಬಗೆಗೆ ಇದು ಎಷ್ಟು ಹತ್ತಿರವೆಂದು ಸಂಗೀತ ಕಲಿತ ನನ್ನ ಗೆಳತಿಯೊಬ್ಬಳು ಬೆರಗಾದಳು.

ಇನ್ನು ಟೈಪಿನ ವಿಚಾರ. ಜಾಝ್ ಹಾಡಿ ಹೊಟ್ಟೆ ಹೊರೆಯುವುದು ಆಗಲೂ ಕಷ್ಟವಾಗಿತ್ತು. ರಾತ್ರಿ ಗ್ರೀನಿಚ್ ವಿಲೇಜ್ ಪ್ರದೇಶದ ‘ಪೇಜ್ ತ್ರೀ’ ಎಂಬ ಸಣ್ಣ ಕ್ಲಬ್ಬಿನಲ್ಲಿ ಹಾಡಿದರೆ ಬರುತ್ತಿದ್ದ ಹಣ ಮಗುವನ್ನು ನೋಡಿಕೊಳ್ಳುವವಳಿಗೆ ಕೊಡುವುದರಲ್ಲಿಯೇ ಕರಗುತ್ತಿತ್ತು. ಆದುದರಿಂದ ಆಕೆ ಹಗಲು ಒಂದು ಜಾಹೀರಾತು ಕಂಪೆನಿಯಲ್ಲಿ ಬೆರಳಚ್ಚುಗಾರ್ತಿಯಾಗಿ ದುಡಿದಳು. ಒಂದೆರಡು ವರ್ಷವಲ್ಲ, ದಶಕಗಳ ಕಾಲ. 1987ರಲ್ಲಿ 58ನೆಯ ವಯಸ್ಸಿಗೆ ಆ ಕೆಲಸ ಬಿಟ್ಟುಹೋಗುವವರೆಗೆ. ಸಂಗೀತ ನಿನ್ನನ್ನು ಸಾಕುವವರೆಗೆ ನೀನು ಸಂಗೀತವನ್ನು ಸಾಕು ಎಂಬರ್ಥದ ಮಾತನ್ನು ಆಕೆ ಶಿಷ್ಯರಿಗೆ ಹೇಳುತ್ತಿದ್ದಳು.

ಅಧ್ಯಾಪಕರ ಮಾತು ನನ್ನನ್ನು ಬಿಡಲಿಲ್ಲವೆಂದೆನಷ್ಟೆ, ಕಾರಣ ಇಷ್ಟೆ. ಕಾಲೇಜು ಮುಗಿಸಿ ಸಂಜೆ ನಾನೂ ಟೈಪಿಂಗ್ ತರಗತಿಗೆ ಹೋಗುತ್ತೇನೆ. ಎ, ಎಸ್, ಡಿ, ಎಫ್ ಎಂದು ಕುಟ್ಟುತ್ತ ಕುಟ್ಟುತ್ತ ಜೂನಿಯರ್ ಪರೀಕ್ಷೆ ದಾಟಿದ್ದೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಡಿಗ್ರಿಯಾದೊಡನೆ ಒಂದು ಕೆಲಸ ಎಂಬುದು ಮನೆಯವರು ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿರುವ ಒಪ್ಪಂದ. ಕೆಲಸಕ್ಕೆ ಸೇರಿದ ಮೇಲೆ ಮನಸ್ಸಿಗೆ ಬೇಕಾದದ್ದೆಲ್ಲ ಮುಗಿದಂತೆಯೇ ಎಂದು ನಾವು ಹಾಸ್ಟೆಲಿನಲ್ಲಿ ಎಷ್ಟು ಸಲ ಮಾತನಾಡಿಕೊಂಡಿಲ್ಲ! ಆಕೆ ಮಾತ್ರ ಟೈಪ್‌ರೈಟರನ್ನು ಸಂಗೀತದ ಶತ್ರುವೆಂದು ಬಗೆಯಲಿಲ್ಲ. ಅದು ದುಡಿದು ತಂದದ್ದರಿಂದಲೇ ತನಗೆ ಬೇಡವಾದ ಹಾಡನ್ನು ಹಾಡುವ ಪ್ರಮೇಯ ಬರಲಿಲ್ಲವೆಂದು ತಿಳಿದಳು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆಂದು ಹೇಳಲಾರೆ. ಅವಳ ಮೊದಲ ಧ್ವನಿಮುದ್ರಿಕೆಗೂ ಸ್ವಂತ ಹೆಸರಿನ ಎರಡನೆಯದಕ್ಕೂ ನಡುವೆ ಹನ್ನೆರಡು ವರ್ಷ ಸಂದುವು. ಆ ಹನ್ನೆರಡು ವರ್ಷಗಳಲ್ಲಿ ಏನೇನು ಹಾಡಬಹುದಾಗಿತ್ತೋ ಅದು ಯಾವ ಲೆಕ್ಕದಲ್ಲಿಯೂ ಸಿಕ್ಕುವುದಿಲ್ಲ.

ಆ ಮೊದಲ ಧ್ವನಿಮುದ್ರಿಕೆಗೆ ದಾರಿಯಾದ ಕಥೆ ಸ್ವಾರಸ್ಯವಾಗಿದೆ. ಜಾರ್ಜ್ ರಸಲ್ ಎಂಬ ಸಂಗೀತ ರಚನೆಕಾರ ಪೇಜ್ ತ್ರೀಯಲ್ಲಿ ಅವಳ ಹಾಡನ್ನು ಕೇಳಿ, ಇಂಥ ಧ್ವನಿ ಎಲ್ಲಿಂದ ಬಂತು, ಆ ಊರನ್ನು ನೋಡಬೇಕು ಎಂದ. ಇಬ್ಬರೂ ಪೆನ್ಸಿಲ್ವೇನಿಯದ ಗಣಿ ಊರಿಗೆ ಹೋದರು. ಅಲ್ಲಿಯ ಪಾನಗೃಹದಲ್ಲಿ ಕೆಲಸ ಕಳೆದುಕೊಂಡು ಕುಳಿತಿದ್ದ ಗಣಿಗಾರನೊಬ್ಬ ಆಕೆಯನ್ನು ಗುರುತಿಸಿ, ಈಗಲೂ ‘ಯೂ ಆರ್ ಮೈ ಸನ್‌ಶೈನ್’ ಹಾಡುತ್ತೀಯಾ ಎಂದು ಕೇಳಿದ. ಅಮೆರಿಕದ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ಹಾಡದು. (1940ರಲ್ಲಿ ಅದನ್ನು ಹಾಡಿ ಪ್ರಸಿದ್ಧಗೊಳಿಸಿದ ಜಿಮ್ಮಿ ಡೇವಿಸ್ 1944ರಲ್ಲಿ ಲೂಯಿಸಿಯಾನ ರಾಜ್ಯದ ಗವರ್ನರೇ ಆದ, ಹಾಡುಗಾರರಿಗೆ ಅಲ್ಲಿ ಇಂಥ ಯೋಗವೂ ಉಂಟು!) ರಸಲ್ ಪಿಯಾನೊ ಮುಂದೆ ಕುಳಿತು ತನ್ನ ಹೊಸ ಬಗೆಯ ಸ್ವರಗುಚ್ಛಗಳಲ್ಲಿ ಅದನ್ನು ನುಡಿಸತೊಡಗಿದಾಗ ಅವಳ ಅಜ್ಜಿ, ಅದು ಹಾಗಲ್ಲ ಎಂದು ಅವನನ್ನು ಪಕ್ಕಕ್ಕೆ ಸರಿಸಿ ತಾನೇ ನುಡಿಸಿ ತೋರಿಸಿದಳಂತೆ. ನ್ಯೂಯಾರ್ಕಿಗೆ ಮರಳಿದ ರಸಲ್ ಆ ಹಾಡನ್ನು ಹತ್ತು ನಿಮಿಷಕ್ಕೂ ಹೆಚ್ಚು ಉದ್ದದ ಕೃತಿಯಾಗಿ ಕಟ್ಟಿದ. ಅದು 1962ರಲ್ಲಿ ‘ದಿ ಔಟರ್ ವ್ಯೂ’ ಎಂಬ ಮುದ್ರಿಕೆಗಾಗಿ ದಾಖಲಾಯಿತು. ಮೊದಲು ವಾದ್ಯಗಳು ಒಂದಕ್ಕೊಂದು ಒಪ್ಪದವರಂತೆ ಬಹಳ ಹೊತ್ತು ನುಡಿಯುತ್ತವೆ. ಬಳಿಕ ಎಲ್ಲವೂ ನಿಂತುಬಿಡುತ್ತವೆ. ಆ ಮೌನದೊಳಗೆ ಶೀಲಾ ಒಬ್ಬಳೇ, ಶ್ರುತಿಗೂ ಏನೂ ಇಲ್ಲದೆ, ಬಹು ನಿಧಾನವಾಗಿ ಹಾಡುತ್ತಾಳೆ. ಮಕ್ಕಳ ಹಾಡು ಸಾವಿನ ಮನೆಯ ಹಾಡಿನಂತೆ ಕೇಳುತ್ತದೆ. ನಾನು ಅದನ್ನು ರಾತ್ರಿ ಕೇಳಿ ನಿದ್ದೆ ಬಾರದೆ ಎದ್ದು ಕುಳಿತಿದ್ದೆನೆಂದರೆ ಗೆಳತಿಯರು ನಗಬಾರದು.

ಅದೇ ವರ್ಷ, ಹಾಡುಗಾರರನ್ನು ಅಪರೂಪಕ್ಕಷ್ಟೇ ಮುದ್ರಿಸುತ್ತಿದ್ದ ಬ್ಲೂ ನೋಟ್ ಕಂಪೆನಿ ‘ಪೋರ್ಟ್ರೇಟ್ ಆಫ್ ಶೀಲಾ’ ಎಂಬ ಅವಳ ಮೊದಲ ಮುದ್ರಿಕೆಯನ್ನು ದಾಖಲಿಸಿತು. 1963ರಲ್ಲಿ ಅದು ಹೊರಬಂತು. ನಮ್ಮ ತರಗತಿಯಲ್ಲಿ ಕೇಳಿಸಿದ್ದು ಅದರಲ್ಲಿಯ ‘ಡ್ಯಾಟ್ ಡೇರ್’ ಎಂಬ ಹಾಡು. ಬಾಬಿ ಟಿಮನ್ಸ್‌ನ ಧಾಟಿಗೆ ಆಸ್ಕರ್ ಬ್ರೌನ್ ಜೂನಿಯರ್ ಮಾತು ಕಟ್ಟಿದ್ದು. ಕಂಡಕಂಡದ್ದನ್ನೆಲ್ಲ ಅದೇನು, ಇದೇಕೆ ಎಂದು ಬಿಡುವಿಲ್ಲದೆ ಕೇಳುವ ಒಂದು ಮಗುವಿನ ಹಾಡು. ಹಾಡುವಾಗ ಆಕೆಗೆ ಮನೆಯಲ್ಲಿ ಏಳು ವರ್ಷದ ಮಗಳಿದ್ದಳೆಂಬುದನ್ನು ನೆನೆದರೆ ಹಾಡಿನ ರುಚಿಯೇ ಬೇರೆಯಾಗುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಅಡುಗೆಮನೆಯಲ್ಲಿ ಇದನ್ನು ಹಾಕಿದ್ದೆ. ನನ್ನ ಅವ್ವ ಮದುವೆಮನೆಗಳಲ್ಲಿ ಸೋಬಾನೆ ಹಾಡುವವಳು. ಆಂಗ್ಲ ಭಾಷೆಯ ಒಂದಕ್ಷರವೂ ತಿಳಿಯದು. ಸ್ವಲ್ಪ ಹೊತ್ತು ಕೇಳಿ, ‘ಯಾವ್ದೋ ಮಗು ಅದೇನು ಇದೇನು ಅಂತ ಪ್ರಾಣ ತಿಂತಾ ಐತೆ ಕಣವ್ವ’ ಎಂದಳು. ತರಗತಿಯಲ್ಲಿ ನಕ್ಕವರಲ್ಲಿ ನಾನೂ ಒಬ್ಬಳೆಂಬುದನ್ನು ಅವಳಿಗೆ ಹೇಳಲಿಲ್ಲ.

ಈ ಹಾಡಿನಲ್ಲಿ ಕಂಠಕ್ಕೆ ಜೊತೆಯಾಗಿರುವುದು ಡಬಲ್ ಬೇಸ್ ಎಂಬ ವಾದ್ಯ ಮಾತ್ರ; ನುಡಿಸುವವನು ಸ್ಟೀವ್ ಸ್ವಾಲೋ. ಆಳೆತ್ತರದ ಪಿಟೀಲನ್ನು ನೆಲಕ್ಕೂರಿ ನಿಲ್ಲಿಸಿದಂತಿರುತ್ತದೆ, ನಾಲ್ಕು ತಂತಿ, ಜಾಝ್‌ನಲ್ಲಿ ಅದನ್ನು ಹೆಚ್ಚಾಗಿ ಬೆರಳಿನಿಂದಲೇ ಮೀಟುತ್ತಾರೆ. ಕಂಠ ಮತ್ತು ಬೇಸ್ ಎರಡೇ ಸೇರಿ ಇಡೀ ಕಚೇರಿ ನಡೆಸುವ ಪದ್ಧತಿಗೆ ಶೀಲಾ ಜೋರ್ಡನಳೇ ಮುಖ್ಯ ಕಾರಣಳೆಂದು ತಿಳಿದವರು ಬರೆಯುತ್ತಾರೆ. ಇದರಲ್ಲಿ ಅಂಥ ಕಷ್ಟವೇನು? ಪಿಯಾನೊ ಇದ್ದರೆ ಅದು ಸ್ವರಗುಚ್ಛಗಳನ್ನು ಪೂರ್ಣವಾಗಿ ನುಡಿಸಿ, ಹಾಡುವವಳು ಚೌಕಟ್ಟಿನ ಯಾವ ಕೋಣೆಯಲ್ಲಿದ್ದಾಳೆಂಬುದನ್ನು ಕ್ಷಣಕ್ಷಣಕ್ಕೂ ತೋರಿಸುತ್ತಿರುತ್ತದೆ. ಬೇಸ್ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಸ್ವರವನ್ನು ನುಡಿಯುತ್ತದೆ. ನಮ್ಮ ತಂಬೂರಿ ಕದಲದೆ ನಿಂತು ಆಧಾರ ಕೊಡುವಂಥದು. ಬೇಸ್ ಹಾಗಲ್ಲ, ಅದು ಏಟಿಗೊಂದು ಹೆಜ್ಜೆಯಂತೆ ನಡೆಯುತ್ತಲೇ ಇರುತ್ತದೆ. ನಡೆಯುವ ಅಡಿಪಾಯದ ಮೇಲೆ ಮನೆ ಕಟ್ಟಬೇಕು. ಉಳಿದ ಸ್ವರಗಳೆಲ್ಲವನ್ನೂ ಹಾಡುವವಳು ತನ್ನ ಕಿವಿಯೊಳಗೇ ಕೇಳಿಕೊಳ್ಳಬೇಕು. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಮುಚ್ಚಿಕೊಳ್ಳಲು ಮರೆ ಇಲ್ಲ. ಪಾರ್ಕರ್ ಕಿವಿಗೆ ಬೆಲೆ ಕಟ್ಟಿದ್ದು ಏಕೆಂಬುದು ಇಲ್ಲಿ ಅರ್ಥವಾಗುತ್ತದೆ.

1975ರಲ್ಲಿ ಎರಡನೆಯ ಮುದ್ರಿಕೆ ‘ಕನ್ಫರ್ಮೇಷನ್’ ಜಪಾನಿನ ಕಂಪೆನಿಯೊಂದಕ್ಕಾಗಿ ದಾಖಲಾಯಿತು. 1977ರಲ್ಲಿ ನಾರ್ವೆಯ ಅರಿಲ್ಡ್ ಆಂಡರ್ಸನ್ ಎಂಬ ಬೇಸ್ ವಾದಕನೊಡನೆ, ಡೆನ್ಮಾರ್ಕಿನ ಕಂಪೆನಿಗಾಗಿ, ಕಂಠ ಮತ್ತು ಬೇಸ್‌ಗಳದೇ ಒಂದು ಇಡೀ ಮುದ್ರಿಕೆ. ಸ್ವದೇಶಕ್ಕಿಂತ ಪರದೇಶಗಳೇ ಅವಳಿಗೆ ಮೊದಲು ಬಾಗಿಲು ತೆರೆದುವೆಂಬುದು ಈ ಹೆಸರುಗಳಿಂದಲೇ ತಿಳಿಯುತ್ತದೆ. ಮುಂದೆ ಹಾರ್ವಿ ಸ್ವಾರ್ಟ್ಸ್, ಕ್ಯಾಮರನ್ ಬ್ರೌನ್ ಎಂಬ ಬೇಸ್ ವಾದಕರೊಡನೆ ವರ್ಷಗಟ್ಟಲೆ ದೇಶ ಸುತ್ತಿದಳು. ದೊಡ್ಡ ತಂಡದ ಖರ್ಚಿಲ್ಲ. ಇಬ್ಬರು ಮನುಷ್ಯರು, ಒಂದು ವಾದ್ಯ. ಆದರೆ ಆ ವಾದ್ಯಕ್ಕೆ ವಿಮಾನದಲ್ಲಿ ಇನ್ನೊಬ್ಬ ಪ್ರಯಾಣಿಕನಷ್ಟು ಸ್ಥಳ ಬೇಕೆಂಬುದು ಬೇರೆ ಮಾತು. ಕಚೇರಿಯಲ್ಲಿ ಆಕೆ ತನ್ನ ಬಾಳಿನ ಕಥೆಯನ್ನೇ, ಅಜ್ಜಿ, ಗಣಿ, ಹಕ್ಕಿ ಎಲ್ಲರನ್ನೂ ಸೇರಿಸಿ, ‘ಶೀಲಾಸ್ ಬ್ಲೂಸ್’ ಎಂಬ ಹೆಸರಿನಲ್ಲಿ ಆಶುವಾಗಿ ಹಾಡುತ್ತಿದ್ದಳು. ಮನೆತನದಲ್ಲಿ ಬಂದ ಮದ್ಯದ ಚಟ ಅವಳನ್ನೂ ಹಿಡಿದಿತ್ತು. ಅದರಿಂದ ಬಿಡಿಸಿಕೊಂಡದ್ದನ್ನೂ ಆಕೆ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಿದ್ದಳು.

1978ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಆಕೆ ಜಾಝ್ ಗಾಯನ ಕಲಿಸತೊಡಗಿದಳು. ಸರ್ಕಾರಿ ಕಾಲೇಜಿನ ನಾವು ಗಮನಿಸಬೇಕಾದ ಸಂಗತಿ: ಆ ಕಾಲೇಜು ಬಡವರ, ವಲಸೆ ಬಂದವರ ಮಕ್ಕಳಿಗೆ ಉನ್ನತ ವಿದ್ಯೆ ಕೊಡಬೇಕೆಂದು 1847ರಲ್ಲಿ ಸ್ಥಾಪಿತವಾದದ್ದು, ಬಹುಕಾಲ ಅಲ್ಲಿ ಶುಲ್ಕವೇ ಇರಲಿಲ್ಲ. ಜಾಝ್ ಗಾಯನವನ್ನು ಪಾಠವಾಗಿ ಕಲಿಸುವ ಕಾಲೇಜುಗಳು ಆಗ ಬೆರಳೆಣಿಕೆಯಷ್ಟು. ಕಲಿಸಲು ಬಂದವಳಿಗೆ ಸಂಗೀತದ ಪದವಿ ಇರಲಿಲ್ಲ; ಕಸದ ಡಬ್ಬಗಳ ಪಕ್ಕದ ಓಣಿಯೇ ಅವಳ ವಿಶ್ವವಿದ್ಯಾನಿಲಯ. ಅವಳ ಪಾಠದ ಮೊದಲ ನಿಯಮ, ರಚನೆಕಾರ ಬರೆದ ಧಾಟಿಯನ್ನು ಮೊದಲು ಅವನು ಬರೆದಂತೆಯೇ, ಒಂದು ಸ್ವರವೂ ಬದಲಾಗದಂತೆ ಕಲಿಯಬೇಕೆಂಬುದು. ಸ್ವಾತಂತ್ರ್ಯವೇ ಪ್ರಾಣವಾದ ಸಂಗೀತದಲ್ಲಿ ಇದೇನು ವಿಚಿತ್ರ ಎನಿಸಬಹುದು. ಆದರೆ ಮನೆ ಎಲ್ಲಿದೆಯೆಂದು ತಿಳಿದವನಿಗಷ್ಟೇ ತಾನು ಮನೆಯಿಂದ ಎಷ್ಟು ದೂರ ಬಂದಿದ್ದೇನೆಂಬುದು ತಿಳಿಯುತ್ತದೆ. ಮೂಲ ಧಾಟಿಯನ್ನೇ ಅರೆಬರೆ ಕಲಿತವನು ಬದಲಾಯಿಸಿದರೆ ಅದು ಕಲ್ಪನೆಯಲ್ಲ, ಮರೆವು. ಎರಡನೆಯದು, ಕೇಳುವುದು, ತನ್ನ ಕಂಠವನ್ನಲ್ಲ, ಜೊತೆಗಾರನನ್ನು. ಮತ್ತೊಂದು, ಯಾರ ದನಿಯನ್ನೂ ಅನುಕರಿಸದೆ ತನ್ನದನ್ನೇ ಹುಡುಕುವುದು. ಅವಳದು ದೊಡ್ಡ ಕಂಠವೂ ಅಲ್ಲ, ಪಳಗಿಸಿ ಹೊಳಪು ಕೊಟ್ಟದ್ದೂ ಅಲ್ಲ. ಅದರಲ್ಲಿ ಕಂಪನವಿದೆ, ಬಿರುಕಿದೆ. ಅದನ್ನು ಮುಚ್ಚಿಡುವ ಪ್ರಯತ್ನವನ್ನೇ ಆಕೆ ಮಾಡಲಿಲ್ಲ. ತಾನು ಬರಿಯ ಸಂದೇಶವಾಹಕಿ, ಸಂದೇಶ ಹಕ್ಕಿಯದು ಎನ್ನುತ್ತಿದ್ದಳು.

ಮ್ಯಾಸಚೂಸೆಟ್ಸ್‌ನಲ್ಲಿ, ವರ್ಮಾಂಟಿನಲ್ಲಿ ಬೇಸಗೆಯ ಶಿಬಿರಗಳು, ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಪಾಠ, ಹೀಗೆ ಕಲಿಸುವುದೂ ಹಾಡುವುದೂ ಒಂದೇ ಪ್ರಯಾಣದ ಎರಡು ಕಾಲುಗಳಂತೆ ಸಾಗಿದುವು. ಜರ್ಮನಿಯ ಥಿಯೊ ಬ್ಲೆಕ್‌ಮನ್‌ನಂಥ, ಅವಳ ಹಾಗೆ ಒಂದಿಷ್ಟೂ ಹಾಡದ ಗಾಯಕರು ಅವಳನ್ನು ಗುರುವೆನ್ನುತ್ತಾರೆ. ಗುರುವಿನ ಹಾಗೆ ಹಾಡದ ಶಿಷ್ಯರಿರುವುದು ಆ ಗುರುವಿಗೆ ಹೆಚ್ಚಿನ ಗೌರವವೆಂದೇ ನನ್ನ ಎಣಿಕೆ. ನಮ್ಮ ಅಧ್ಯಾಪಕರು ಕ್ಷಮಿಸಬೇಕು.

ಅಮೆರಿಕದ ರಾಷ್ಟ್ರೀಯ ಕಲಾನಿಧಿ 2012ರಲ್ಲಿ ಅವಳಿಗೆ ‘ಜಾಝ್ ಮಾಸ್ಟರ್’ ಎಂಬ, ಆ ಕ್ಷೇತ್ರದ ಅತ್ಯುನ್ನತ ಗೌರವವನ್ನು ಕೊಟ್ಟಿತು. ಆಗ ಅವಳಿಗೆ 83 ವರ್ಷ. ಆ ಬಳಿಕವೂ ಹದಿಮೂರು ವರ್ಷ ಹಾಡಿದಳು. 2025ರ ಫೆಬ್ರವರಿಯಲ್ಲಿ ಕೊನೆಯ ಮುದ್ರಿಕೆ ಹೊರಬಂತು. ಅದರ ಹೆಸರು ‘ಪೋರ್ಟ್ರೇಟ್ ನೌ’. ಮೊದಲ ‘ಪೋರ್ಟ್ರೇಟ್’ ಬಂದು ಆಗ 62 ವರ್ಷಗಳಾಗಿದ್ದುವು. ಅದರಲ್ಲಿಯೂ ಜೊತೆಗಿರುವುದು ಒಂದು ಗಿಟಾರ್ ಮತ್ತು ಒಂದು ಬೇಸ್ ಮಾತ್ರ. ಬೇಸ್ ನುಡಿಸಿದವನು ಅದೇ ಹಳೆಯ ಹಾರ್ವಿ. ಅದೇ ವರ್ಷದ ಆಗಸ್ಟ್ 11ರಂದು, 96ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಶೀಲಾ ಜೋರ್ಡನ್ ತೀರಿಕೊಂಡಳು.

ಕೇಳಬಯಸುವ ಮಿತ್ರರು ಮೊದಲು ‘ಸನ್‌ಶೈನ್’ ಕೇಳಲಿ, ಆಮೇಲೆ ‘ಡ್ಯಾಟ್ ಡೇರ್’. ವಾದ್ಯಗಳು ಗದ್ದಲವೆಬ್ಬಿಸುವ ಮೊದಲ ಕೆಲವು ನಿಮಿಷಗಳನ್ನು ಹಾರಿಸಿಬಿಡಬಾರದು. ಅವು ಇಲ್ಲದಿದ್ದರೆ ಅನಂತರದ ಮೌನ ಕೇಳಿಸುವುದಿಲ್ಲ. ಮೊದಲ ಸಲ ನಗು ಬಂದರೆ ಚಿಂತೆಯಿಲ್ಲ. ಫೋನಿನ ಸಣ್ಣ ಸ್ಪೀಕರಿನಲ್ಲಿ ಬೇಸ್ ಸರಿಯಾಗಿ ಕೇಳಿಸದು. ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನು ನನ್ನ ಹತ್ತಿರ ಒಂದಿದೆ, ಬೇಕಾದವರು ಕೇಳಿ ಪಡೆಯಬಹುದು. ಟೈಪಿಂಗ್ ತರಗತಿಯ ಹೊತ್ತಿನಲ್ಲಿ ಮಾತ್ರ ಬೇಡ.